ನಾಲ್ಕು ಜನಕ್ಕಾಗುವಷ್ಟು ಸೂಪು

ಅಕ್ಟೋಬರ್ ೧೪

ಪ್ರೀತಿಯ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ನನ್ನ ಮೊಮ್ಮಗಳು ಪಿಟೀಲಿಗೆ ಎರಡು ಮುತ್ತು. ಒಂದು ಹಣೆಗೆ, ಇನ್ನೊಂದು ಬಿದ್ದುಹೋದ ಹಲ್ಲಿನ ಜಾಗಕ್ಕೆ.

ಫೋನ್ ಮಾಡಬಾರದೇ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನೀನು "ಹೂಂ ಅತ್ತೆ, ಸರಿ ಅತ್ತೆ" ಎಂದು ನನ್ನ ಮಾತಿಗೆ ಬೇಗ ಗಂಟು ಹಾಕಿ ದಾರ ಕತ್ತರಿಸಿಬಿಡುತ್ತೀ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ಕ್ರಿಸ್‌ಮಸ್‌ಗೆ ನೀವಿಬ್ಬರೂ ಬರಬೇಕು. ನನ್ನ ಮಗ ಹೋದ ಮೇಲೆ ಇದು ಮೂರನೇ ಕ್ರಿಸ್‌ಮಸ್. ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ನೀನು ಆ ಊರಿಗೆ ಹೋದ ಮೇಲೆ ಒಂದು ಹಬ್ಬಕ್ಕೂ ಈ ಮನೆಯ ಮೆಟ್ಟಿಲು ಹತ್ತಿಲ್ಲ. ಹಾಗೆಂದು ನಾನೇನೂ ಕೊರಗುತ್ತಾ ಕುಳಿತಿಲ್ಲ. ಹೋದ ವರ್ಷವೂ ಕೋಳಿ, ಕೇಕು, ಬ್ರೆಡ್ ಪುಡ್ಡಿಂಗು ಎಲ್ಲ ಮಾಡಿ, ಪಕ್ಕದ ಬೇಕರಿಯಾಕೆಗೂ ಕೊಟ್ಟು, ಹೊಟ್ಟೆ ತುಂಬ ಉಂಡೆ.

ಈ ವರ್ಷದ ಅಡುಗೆ ಹೀಗೆ ಯೋಚಿಸಿದ್ದೇನೆ. ಮೊದಲು ಕ್ಯಾರೆಟ್ ಸೂಪು, ನಮ್ಮ ಮನೆಯ ಪದ್ಧತಿಯಂತೆ ಕಾಫಿ ಕಪ್ಪಿನಲ್ಲಿ. ನಿನ್ನ ಮದುವೆಯಾದ ವರ್ಷ ಅವನು ಸೂಪಿನ ಬಟ್ಟಲುಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಹೊತ್ತು ತರಲು ಹೋಗಿ ಬಾಗಿಲಲ್ಲೇ ಉರುಳಿಸಿದನಲ್ಲ, ಆವತ್ತಿನಿಂದ ಕಪ್ಪೇ ಕಾಯಂ ಆಯಿತು. ಆಮೇಲೆ ಕೋಳಿ ರೋಸ್ಟ್, ಅದರ ಸುತ್ತ ಆಲೂಗಡ್ಡೆ. ಕೊನೆಗೆ ಪುಡ್ಡಿಂಗು. ಮೂಲೆಯ ಸೀದ ಚೂರಿಗೆ ಈಗ ಜಗಳವಾಡುವವರಿಲ್ಲ, ಪಿಟೀಲು ಆಡಲಿ. ಕೇಕಿಗೆ ಇವತ್ತೇ ಒಣದ್ರಾಕ್ಷಿ, ಖರ್ಜೂರವನ್ನು ಕಿತ್ತಳೆ ರಸದಲ್ಲಿ ನೆನೆಹಾಕಿದೆ. ಗೋಡಂಬಿ, ಬಾದಾಮಿ ಅವನು ಇಷ್ಟಪಡುತ್ತಿದ್ದಷ್ಟೇ ಧಾರಾಳವಾಗಿ ಹಾಕುತ್ತೇನೆ.

ನನ್ನ ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ಚಳಿ ಶುರುವಾಯಿತಲ್ಲ, ಎಲ್ಲರಿಗೂ ಒಮ್ಮೆಗೇ ಹೋದ ವರ್ಷದ ಕೋಟಿನ ಜಿಪ್ಪು ನೆನಪಾಗಿದೆ.

ಬರುತ್ತೇನೆಂದು ಒಂದೇ ಸಾಲು ಬರೆ, ಸಾಕು.

ನಿನ್ನ ಅತ್ತೆ


ಅಕ್ಟೋಬರ್ ೩೦

ಅತ್ತೆಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಬೈಯಬೇಡಿ. ಅಂಗಡಿಗೆ ಹೊಸ ಮಾದರಿಯ ಫ್ರೇಮುಗಳು ಬಂದಿವೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನರ ಮೂಗಿನ ಅಳತೆ ತೆಗೆದು ತೆಗೆದು ಈಗ ಯಾರನ್ನು ಕಂಡರೂ ಮೊದಲು ಮೂಗೇ ಕಾಣುತ್ತದೆ.

ಹಬ್ಬಕ್ಕೆ ಬರಬೇಕೆಂದು ನನಗೂ ಬಹಳ ಆಸೆಯಿದೆ. ನಿಮ್ಮ ಅಡುಗೆಮನೆಯ ಆ ಲವಂಗದ ವಾಸನೆ ಇಲ್ಲಿ ಬಸ್ಸಿನಲ್ಲಿ ಕುಳಿತಾಗಲೂ ಒಮ್ಮೊಮ್ಮೆ ಬಂದುಬಿಡುತ್ತದೆ, ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ರಜೆಯ ವಿಷಯ ಇನ್ನೂ ಮಾಲೀಕರ ಹತ್ತಿರ ಮಾತಾಡಿಲ್ಲ. ಮಾತಾಡುತ್ತೇನೆ.

ಒಂದೆರಡು ಸಣ್ಣ ಮಾತು. ಬಂದರೆ, ಸೂಪನ್ನು ನಾಲ್ಕು ಜನಕ್ಕಾಗುವಷ್ಟು ಮಾಡಬಹುದೇ? ಕೋಳಿಯೂ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು. ಇನ್ನೊಂದು, ಕೇಕಿಗೆ ಈ ಸಲ ಗೋಡಂಬಿ, ಬಾದಾಮಿ ಹಾಕದೇ ಇದ್ದರೆ ಆಗುತ್ತದೆಯೇ? ಯಾಕೆಂದು ಬಂದಾಗ ಹೇಳುತ್ತೇನೆ. ಕಷ್ಟವಾದರೆ ಬೇಡ.

ಪಿಟೀಲು ಚೆನ್ನಾಗಿದ್ದಾಳೆ. ಶಾಲೆಯಲ್ಲಿ ಟೀಚರು "ನಿನಗೆ ಈ ಹೆಸರು ಯಾರು ಇಟ್ರು?" ಎಂದು ಕೇಳಿದರಂತೆ. "ನಾನು ಹುಟ್ಟಿದ ದಿನ ಅತ್ತಿದ್ದು ಕೇಳಿ, ಇದ್ಯಾಕೆ ಹೀಗೆ ಪಿಟೀಲು ಕುಯ್ತಿದೆ ಅಂದ್ರಂತೆ ನಮ್ಮಪ್ಪ, ಅದೇ ಹೆಸರಾಗೋಯ್ತು" ಎಂದಳಂತೆ. ಟೀಚರು ನಕ್ಕರಂತೆ. ಮನೆಗೆ ಬಂದು ಅವಳು ನಗದೇ ಹೇಳಿದಳು.

ನಿಮ್ಮ ಸೊಸೆ


ನವೆಂಬರ್ ೮

ಪ್ರೀತಿಯ ಸೊಸೆಗೆ,

ಗೋಡಂಬಿ ಬೇಡವೇ? ಯಾರ ಹಲ್ಲಿಗೆ ಭಯವಮ್ಮಾ, ನಿನ್ನದಕ್ಕೋ ಪಿಟೀಲಿನದಕ್ಕೋ? ಹಲ್ಲು ಬಿದ್ದ ಮಗುವಿಗೆ ನಾನೇ ಪುಡಿ ಮಾಡಿ ಹಾಕುತ್ತೇನೆ. ಅವನು ಸಣ್ಣವನಿದ್ದಾಗ ಕೇಕನ್ನು ಬಿಟ್ಟು ಗೋಡಂಬಿಯನ್ನಷ್ಟೇ ಆರಿಸಿ ತಿನ್ನುತ್ತಿದ್ದ, ಇಡೀ ಕೇಕು ಗುಂಡಿ ಬಿದ್ದ ರಸ್ತೆಯ ಹಾಗೆ ಆಗುತ್ತಿತ್ತು. ಗೋಡಂಬಿಯಿಲ್ಲದ ಕೇಕು ಈ ಮನೆಯಲ್ಲಿ ಬೆಂದಿಲ್ಲ. ಆದರೂ ನೀನು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ನೋಡೋಣ.

ಸೂಪು ನಾಲ್ಕು ಜನಕ್ಕೆ ಎಂದು ಬರೆದಿದ್ದೀಯ. ಓದಿ ಸ್ವಲ್ಪ ಹೊತ್ತು ಕಾಗದ ಮಡಚಿಟ್ಟೆ. ನಿನಗೂ ಅವನ ಪಾಲು ತೆಗೆದಿಡಬೇಕು ಎನ್ನಿಸುತ್ತದಲ್ಲ, ನನಗೊಬ್ಬಳಿಗೇ ಈ ಹುಚ್ಚು ಎಂದುಕೊಂಡಿದ್ದೆ.

ಓವನ್ ರಿಪೇರಿಯವನು ಬಂದಿದ್ದ. ಬಾಗಿಲು ತೆಗೆದವನೇ ಎರಡು ಹೆಜ್ಜೆ ಹಿಂದೆ ಹಾರಿದ. ಒಳಗೆ ಇಲಿಗೂಡು! ನನ್ನ ಅಂಗಡಿಯ ಬಟ್ಟೆ ಚೂರುಗಳನ್ನೇ ಹೊತ್ತೊಯ್ದು, ಹತ್ತಿ ಹಾಸಿ, ಮಕ್ಕಳು ಮರಿ ಮೊಮ್ಮಕ್ಕಳೆಲ್ಲ ಬೆಳೆದು ಹೋದಂಥ ಗೂಡು. "ಇದು ಮನೆಯಲ್ಲಮ್ಮಾ, ಕಾಲೋನಿ" ಎಂದ. ತೊಳೆದು, ಹೊಸ ತಂತಿ ಹಾಕಿ ಹೋದ. ಈಗ ಚೆನ್ನಾಗಿ ಕಾಯುತ್ತದೆ. ಕೋಳಿಯವನಿಗೆ ದೊಡ್ಡದೇ ಬೇಕೆಂದು ಹೇಳಿಟ್ಟಿದ್ದೇನೆ.

ರಜೆ ಏನಾಯಿತು?

ನಿನ್ನ ಅತ್ತೆ


ನವೆಂಬರ್ ೧೯

ಅತ್ತೆಗೆ ನಮಸ್ಕಾರಗಳು.

ರಜೆ ಸಿಕ್ಕಿದೆ.

ಓವನ್ನಿನ ಸುದ್ದಿ ಓದಿ ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಇಲಿಗಳ ಮೊಮ್ಮಕ್ಕಳು ಬೆಳೆದ ಓವನ್ನಿನಲ್ಲಿ ಹೋದ ವರ್ಷ ಕೋಳಿಯೂ ಕೇಕೂ ಹೇಗೆ ಬೆಂದವು ಅತ್ತೆ? ಆವತ್ತು ನೀವು ಏನು ಉಂಡಿರಿ? ಉತ್ತರ ಬರೆಯಬೇಕಾಗಿಲ್ಲ. ಆದರೆ ಈ ಸಲ ನೀವು ಒಬ್ಬರೇ ಇರಬಾರದು, ಅಷ್ಟು ಮಾತ್ರ ಗೊತ್ತು.

ಅದಕ್ಕೇ ಒಂದು ವಿಷಯ ನಿಮಗೆ ಬರೆಯಬೇಕೆಂದು ಎರಡು ಸಲ ಕುಳಿತೆ. ಪಿಟೀಲಿಗೆ ಹೋಮ್‌ವರ್ಕ್ ಇತ್ತು, ಆಮೇಲೆ ಅನ್ನ ಉಕ್ಕಿತು, ಏನೋ ಒಂದು. ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಪಿಟೀಲು ನಿಮಗಾಗಿ ಒಂದು ಚಿತ್ರ ಬರೆದಿದ್ದಾಳೆ. ಹಬ್ಬದ ಊಟದ ಚಿತ್ರವಂತೆ. ನಾನು ನೋಡುವ ಮೊದಲೇ ಲಕೋಟೆಗೆ ಹಾಕಿ ಅಂಟಿಸಿಬಿಟ್ಟಿದ್ದಳು. ಹೀಗಾಗಿ ಈ ಕಾಗದ ಬೇರೆ ಲಕೋಟೆಯಲ್ಲಿ ಬರುತ್ತಿದೆ.

ನಿಮ್ಮ ಸೊಸೆ


ನವೆಂಬರ್ ೨೬

ನನ್ನ ಮುದ್ದು ಸೊಸೆಗೆ,

ಎರಡೂ ಲಕೋಟೆ ಒಂದೇ ದಿನ ಬಂದವು. ಓವನ್ನಿನ ವಿಷಯ ಬಿಡು. ನೀನು ಕನ್ನಡಕದ ಅಂಗಡಿಯಲ್ಲಿರಬೇಕಾದವಳೇ, ದೂರದಿಂದಲೂ ಎಲ್ಲ ಕಾಣುತ್ತದೆ.

ಚಿತ್ರ ನೋಡಿದೆ. ಅಂಗಡಿಯಲ್ಲಿ ಹೊಲಿಗೆ ಮೆಷಿನ್ನಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ, ಬಂದವರಿಗೆಲ್ಲ ತೋರಿಸುತ್ತಿದ್ದೇನೆ. ಮೇಜು, ಅದರ ಮೇಲೆ ಆನೆಯಷ್ಟು ದೊಡ್ಡ ಕೋಳಿ. ಬಿಳಿ ಕೂದಲಿನ ನಾನು, ಪಕ್ಕದಲ್ಲಿ ನೀನು, ನಡುವೆ ಅವಳು. ಮತ್ತೆ ಆ ತುದಿಯಲ್ಲಿ ಅವಳಪ್ಪ. ಎಷ್ಟು ಎತ್ತರ ಬರೆದಿದ್ದಾಳೆ, ತಲೆ ಕಾಗದದ ಅಂಚಿಗೆ ಮುಟ್ಟಿದೆ! ಮುಖ ಮರೆತಿದ್ದಾಳೆ, ಪಾಪ. ಮೀಸೆ ಇಟ್ಟುಬಿಟ್ಟಿದ್ದಾಳೆ. ಅವನು ಒಂದು ದಿನವೂ ಮೀಸೆ ಬಿಟ್ಟವನಲ್ಲ. ಬಸ್ ಡಿಪೋದಲ್ಲಿ ಡ್ರೈವರುಗಳೆಲ್ಲ ತಮಾಷೆ ಮಾಡುತ್ತಿದ್ದರಲ್ಲ, ಶಾಲೆಯ ಹುಡುಗ ಬಸ್ ಓಡಿಸುತ್ತಾನೆ ಎಂದು. ಕೈಯಲ್ಲಿ ಏನೋ ಹಿಡಿದಿದ್ದಾನೆ, ಚಮಚವೋ ಏನೋ. ಇರಲಿ. ಮುಖ ಮರೆತರೂ ಅಪ್ಪನಿಗೆ ಕುರ್ಚಿ ಹಾಕುವುದನ್ನು ಮರೆತಿಲ್ಲವಲ್ಲ ಮಗು. ಬಹಳ ದಿನಗಳ ಮೇಲೆ ಎದೆಯೊಳಗೆ ಸ್ವಲ್ಪ ಜಾಗ ಆದಂತಾಯಿತು.

ಅವನ ಕುರ್ಚಿಯ ಮೆತ್ತೆಗೆ ಹೊಸ ಬಟ್ಟೆ ಹೊಲಿಯುತ್ತಿದ್ದೇನೆ. ಬೇಗ ಬನ್ನಿ.

ನಿನ್ನ ಅತ್ತೆ


ಡಿಸೆಂಬರ್ ೩

ಅತ್ತೆಗೆ,

ನಿಮ್ಮ ಕಾಗದವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸು ಉಜ್ಜುವ ಯಂತ್ರದ ಪಕ್ಕ ನಿಂತು ಓದಿದೆ. ಯಂತ್ರದ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಚಿತ್ರದಲ್ಲಿರುವುದು ಅವಳಪ್ಪನಲ್ಲ ಅತ್ತೆ. ಕೈಯಲ್ಲಿರುವುದು ಚಮಚವಲ್ಲ, ಸ್ಕ್ರೂಡ್ರೈವರು. ಅವರು ಲಿಫ್ಟ್ ರಿಪೇರಿ ಮಾಡುವವರು. ನಾನು ಮೊದಲೇ ಹೇಳಬೇಕಿತ್ತು. ಗೋಡಂಬಿ ತಿಂದರೆ ಗಂಟಲು ಊದಿಕೊಳ್ಳುವುದು ಅವರಿಗೆ. ಸೂಪಿನ ನಾಲ್ಕನೇ ಕಪ್ಪೂ ಅವರಿಗೇ ಕೇಳಿದ್ದೆ.

ಹೋದ ಕ್ರಿಸ್‌ಮಸ್ ದಿನ ನಾನೂ ಪಿಟೀಲೂ ಈ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೆವು. ಹಬ್ಬದ ದಿನ ಡ್ಯೂಟಿಗೆ ಸಿಕ್ಕಿದವರು ಅವರೊಬ್ಬರೇ. ಪಿಟೀಲು ಒಳಗಿನಿಂದ ಶುರು ಮಾಡಿದ್ದಳು ತನ್ನ ಸಂಗೀತ. ಅವರು ಬಾಗಿಲ ಸಂದಿಗೆ ಬಾಯಿಟ್ಟು, "ಪುಟ್ಟಾ, ಊಟಕ್ಕೆ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳು, ನನಗೆ ಹಸಿವಾಗ್ತಿದೆ" ಎಂದರು. ಇವಳು ಅಳು ನಿಲ್ಲಿಸಿ, ನಾವು ಮಾಡಿರದ ಅಡುಗೆಯನ್ನೆಲ್ಲ ಹೇಳತೊಡಗಿದಳು. ಕಪ್ಪಿನ ಸೂಪು, ಕೋಳಿ, ಸೀದ ಮೂಲೆಯ ಪುಡ್ಡಿಂಗು. ಎಲ್ಲ ನಿಮ್ಮ ಮನೆಯದೇ. ಅವರು ಹಾಸ್ಟೆಲಿನಲ್ಲಿ ಬೆಳೆದವರು, ಹಬ್ಬವೆಂದರೆ ಒಬ್ಬೊಬ್ಬರಿಗೆ ಒಂದು ಕಿತ್ತಳೆ ಹಣ್ಣು ಅಂತೆ. ಬಾಗಿಲು ತೆರೆದಾಗ ಜೇಬಿನಿಂದ ಒಂದು ಕಿತ್ತಳೆ ತೆಗೆದು ಇವಳ ಕೈಗಿಟ್ಟರು.

ಫೆಬ್ರವರಿಯಲ್ಲಿ ಮದುವೆ ಎಂದು ಮಾತಾಡಿಕೊಂಡಿದ್ದೇವೆ. ನಿಮ್ಮನ್ನು ಕೇಳದೆ ದಿನ ಗೊತ್ತು ಮಾಡಿಲ್ಲ.

ನಿಮ್ಮ ಮಗನನ್ನು ಮರೆತೆ ಎಂದು ಮಾತ್ರ ತಿಳಿಯಬೇಡಿ. ಇವತ್ತಿಗೂ ಹಸಿರು ಬಸ್ಸು ಬಂದರೆ ಮೊದಲು ಡ್ರೈವರ್ ಸೀಟನ್ನೇ ನೋಡುತ್ತೇನೆ. ಆ ಚಿತ್ರವನ್ನು ಗೋಡೆಯಿಂದ ತೆಗೆಯಬೇಕಾಗಿ ಬಂದರೆ, ದಯವಿಟ್ಟು ಹರಿಯಬೇಡಿ. ಮಗು ಪ್ರೀತಿಯಿಂದ ಬರೆದದ್ದು.

ನಿಮ್ಮ ಸೊಸೆ


ಡಿಸೆಂಬರ್ ೧೨

ಅತ್ತೆ,

ಕಾಗದ ತಲುಪಿತೇ? ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಬೇಕರಿಯಾಕೆಗೆ ಮಾಡಿದೆ. "ಚೆನ್ನಾಗಿದಾರೆ, ಅಂಗಡೀಲಿ ಕೂತು ಹೊಲೀತಿದಾರೆ, ಯಾರ ಹತ್ರಾನೂ ಮಾತಿಲ್ಲ" ಎಂದರು. ಬೈಯುವುದಿದ್ದರೆ ಬೈದು ಬರೆಯಿರಿ. ಬರೆಯಿರಿ, ಅಷ್ಟೇ.


ಡಿಸೆಂಬರ್ ೧೬

ಕಾಗದ ತಲುಪಿತ್ತು.

ಅದನ್ನು ಓದುವಾಗ ಮೆಷಿನ್ನಿನಲ್ಲಿ ಒಬ್ಬರ ಪ್ಯಾಂಟಿತ್ತು. ಓದಿ ಬದಿಗಿಟ್ಟು ಕೆಲಸ ಮುಂದುವರಿಸಿದೆ. ಸಂಜೆ ಅವರು ಬಂದು ಬಿಡಿಸಿ ನೋಡಿದರೆ, ಎರಡು ಕಾಲನ್ನೂ ಸೇರಿಸಿ ಹೊಲಿದಿದ್ದೆ. "ಏನಮ್ಮಾ, ನಾನು ಮೀನಾ?" ಎಂದರು. ನನಗೆ ನಗು ಬರಲಿಲ್ಲ.

ನೀನು ತಪ್ಪು ಮಾಡಿದೆ ಎಂದು ಹೇಳುವುದಿಲ್ಲ. ನಿನ್ನ ವಯಸ್ಸು ಎಷ್ಟೆಂದು ನನಗೆ ಗೊತ್ತು. ನಿನ್ನ ಜಾಗದಲ್ಲಿ ನನ್ನ ಮಗಳಿದ್ದರೆ ನಾನೇ ಮುಂದೆ ನಿಂತು ಮಾಡಿಸುತ್ತಿದ್ದೆ. ಬುದ್ಧಿಗೆ ಎಲ್ಲ ತಿಳಿಯುತ್ತದೆ. ಆದರೆ ಆ ಚಿತ್ರ ನೋಡಿ ನಾನು ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ, ನನ್ನ ಮಗ, ನನ್ನ ಮಗ ಎಂದು. ಈಗ ಅಂಗಡಿಗೆ ಬಂದವರು ಗೋಡೆ ನೋಡಿದರೆ ನಾನು ಸೂಜಿ ಹುಡುಕುವವಳಂತೆ ತಲೆ ಬಗ್ಗಿಸುತ್ತೇನೆ. ಹರಿದಿಲ್ಲ. ತೆಗೆದೂ ಇಲ್ಲ.

ನೀನೂ ಪಿಟೀಲೂ ಬನ್ನಿ. ಆ ಮನುಷ್ಯ ಬೇಡ. ಈ ವರ್ಷ ಬೇಡ. ನನ್ನ ಮಗ ಕುಳಿತ ಜಾಗದಲ್ಲಿ ಇನ್ನೊಬ್ಬರು ಕುಳಿತು ಸೂಪು ಕುಡಿಯುವುದನ್ನು ನೋಡುವ ಶಕ್ತಿ ನನಗಿಲ್ಲ.

ಕೇಕು ಆಗಿದೆ.


ಡಿಸೆಂಬರ್ ೨೦

ಅತ್ತೆಗೆ ನಮಸ್ಕಾರಗಳು.

ನಿಮ್ಮ ಮಾತನ್ನು ಅವರಿಗೆ ಹೇಳಿದೆ. "ಸರಿಯಾಗೇ ಹೇಳಿದಾರೆ. ನೀವಿಬ್ರು ಹೋಗಿ ಬನ್ನಿ, ನಾನು ಡ್ಯೂಟಿ ಹಾಕಿಸ್ಕೋತೀನಿ" ಎಂದರು. ಅವರ ಮೇಲೆ ನಿಮಗೆ ಕೋಪ ಬೇಡ.

ಆದರೆ ನಾವು ಬರುತ್ತಿಲ್ಲ. ಇದು ಹಟವಲ್ಲ. ಬಟ್ಟೆ ಜೋಡಿಸುವಾಗ ಪಿಟೀಲು ಕೇಳಿದಳು, "ಅಮ್ಮಾ, ಅಜ್ಜಿ ಮನೇಲಿ ಅಂಕಲ್ ಸುದ್ದಿ ಹೇಳಬಾರದಾ?" ಒಂದು ಮನೆಯಲ್ಲಿ ಒಬ್ಬರ ಹೆಸರು ಎತ್ತಬಾರದು ಎಂದು ಕಲಿತರೆ, ನಾಳೆ ಈ ಮನೆಯಲ್ಲಿ ಅವಳಪ್ಪನ ಹೆಸರು ಎತ್ತಲೂ ಹೆದರುತ್ತಾಳೆ. ಅದು ಮಾತ್ರ ಆಗಬಾರದು ಅತ್ತೆ. ಮೂರು ಸಲ ಬ್ಯಾಗು ತುಂಬಿದೆ, ಮೂರು ಸಲ ಖಾಲಿ ಮಾಡಿದೆ.

ಇಲ್ಲೇ ಸಣ್ಣದಾಗಿ ಊಟ ಮಾಡುತ್ತೇವೆ. ಸೂಪಿಗೆ ಶುಂಠಿ ಮೊದಲು ಹಾಕಬೇಕೋ ಆಮೇಲೋ, ಅದು ಮಾತ್ರ ಪ್ರತಿ ವರ್ಷ ನಿಮ್ಮನ್ನು ಕೇಳಿಯೇ ಮಾಡುತ್ತಿದ್ದೆ. ನಿಮ್ಮನ್ನು ಬಿಟ್ಟು ಉಣ್ಣುವುದು ಹೇಗೋ ಗೊತ್ತಿಲ್ಲ. ನೀವು ಏನಾದರೂ ಬಿಸಿಯಾಗಿ ಮಾಡಿಕೊಂಡು ಉಣ್ಣಿ. ಬ್ರೆಡ್ಡು ತಿಂದು ಚಹಾ ಕುಡಿದು ಮಲಗಬೇಡಿ.

ನಿಮ್ಮ ಸೊಸೆ


ಡಿಸೆಂಬರ್ ೨೮

ನನ್ನ ಹುಡುಗಿಗೆ,

ಸುಖವಾಗಿ ಮನೆ ತಲುಪಿದೆ. ಬಸ್ಸಿನಲ್ಲಿ ಕುಳಿತು ಕುಳಿತು ಸೊಂಟ ಹಿಡಿದಿದೆ, ಬೇರೇನಿಲ್ಲ. ನಿಮ್ಮೆಲ್ಲರ ಎದುರು ಹೇಳಲಾಗದ್ದು ಕೆಲವಿದೆ. ಬರೆಯುತ್ತೇನೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೋಳಿಯವನು ಕೋಳಿ ತಂದು ಮೇಜಿನ ಮೇಲಿಟ್ಟು ಹೋದ. ನೀನು ಕೇಳಿದ್ದೆಯಲ್ಲ ದೊಡ್ಡದು ಎಂದು, ನಿಜಕ್ಕೂ ದೊಡ್ಡದೇ. ಅದರ ಎದುರು ಕುಳಿತೆ. ನಾನೊಬ್ಬಳೇ ಅದನ್ನು ಉಣ್ಣುವುದು ಯೋಚಿಸಿದೆ. ಬೇಕರಿಯಾಕೆಗೆ ಕೊಟ್ಟುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಕೈ ತಾನಾಗಿ ಉಪ್ಪು ಮೆಣಸು ಹಚ್ಚತೊಡಗಿತ್ತು. ಬೆಂದ ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಬುಟ್ಟಿಗಿಟ್ಟೆ. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇಡೀ ಬಸ್ಸು ನನ್ನ ಬುಟ್ಟಿಯನ್ನೇ ನೋಡುತ್ತಿತ್ತು.

ನೀನು ಸಂಜೆ ಅಂಗಡಿಯಿಂದ ಬಂದು ನಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ನೋಡಿ ಬಾಗಿಲಲ್ಲೇ ನಿಂತೆಯಲ್ಲ, ಅದಕ್ಕೂ ಮೊದಲು ಆದದ್ದು ನಿನಗೆ ಗೊತ್ತಿಲ್ಲ. ಗಂಟೆ ಒತ್ತಿದೆ. ಬಾಗಿಲು ತೆರೆದದ್ದು ಆತ. ಕೈಯಲ್ಲಿ ಅರ್ಧ ಹೆರೆದ ಕ್ಯಾರೆಟ್ಟು. ಪಿಟೀಲು ಶಾಲೆಗೆ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೆದರಿದೆವು. "ಒಳಗೆ ಬನ್ನಿ ಅಮ್ಮಾ. ನಾನು ಈಗ್ಲೇ ಹೊರಡ್ತೀನಿ" ಎಂದು ಚಪ್ಪಲಿ ಹುಡುಕತೊಡಗಿದ. ಒಂದು ಕಾಲಿಗೆ ನಿನ್ನ ಚಪ್ಪಲಿಯನ್ನೇ ತುರುಕುತ್ತಿದ್ದ. ನನಗೆ ಏನನ್ನಿಸಿತೋ, "ಕ್ಯಾರೆಟ್ಟನ್ನ ಹಾಗೆ ಹೆರೆದ್ರೆ ಸೂಪಿಗೆ ಏನು ಉಳಿಯುತ್ತಪ್ಪಾ? ಇಲ್ಲಿ ಕೊಡು" ಎಂದೆ.

ನಾನು ಹೆರೆದೆ, ಆತ ಈರುಳ್ಳಿ ಕತ್ತರಿಸಿದ. ಆಮೇಲೆ ತಲೆಯೆತ್ತದೆ ಕೇಳಿದ, "ಅಮ್ಮಾ, ಅವರು ಹೇಗಿದ್ರು? ಪಿಟೀಲು ನನ್ನನ್ನ ಕೇಳ್ತಾಳೆ, ಅಪ್ಪ ಹೀಗಿದ್ರಾ, ಹಾಗಿದ್ರಾ ಅಂತ. ನನಗೇನು ಗೊತ್ತು? ಅವಳಮ್ಮನನ್ನ ಕೇಳಿದ್ರೆ ಕಣ್ಣು ತುಂಬ್ಕೋತಾಳೆ. ನೀವು ಹೇಳ್ಕೊಟ್ರೆ ಅವಳಿಗೆ ಹೇಳ್ತೀನಿ."

ಹುಡುಗಿ, ಇಷ್ಟು ದಿನದಲ್ಲಿ ಯಾರೂ ನನ್ನನ್ನು ಈ ಮಾತು ಕೇಳಿರಲಿಲ್ಲ. ಇಲ್ಲಿ ಜನ ಒಳ್ಳೆಯವರು, ನನಗೆ ನೋವಾದೀತೆಂದು ಅವನ ಹೆಸರೇ ಎತ್ತುವುದಿಲ್ಲ. ನಾನೇ ಎತ್ತಿದರೆ ಮಾತು ಬದಲಿಸುತ್ತಾರೆ. ನಾನು ಶುರು ಮಾಡಿದೆ. ಸಣ್ಣವನಿದ್ದಾಗ ಕೋಳಿ ಕಂಡರೆ ನನ್ನ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನುಗ್ಗುತ್ತಿದ್ದದ್ದು, ಶಿಳ್ಳೆ ಹೊಡೆಯಲು ಹೋದರೆ ಬರೀ ಗಾಳಿ ಬರುತ್ತಿದ್ದದ್ದು, ರುಚಿ ನೋಡುವ ಮೊದಲೇ ಎಲ್ಲಕ್ಕೂ ಉಪ್ಪು ಸುರಿಯುತ್ತಿದ್ದದ್ದು. ಜ್ವರದಲ್ಲಿ ಮಲಗಿದಾಗ ಕೊನೆಗೆ ನನ್ನ ಹತ್ತಿರ ಕೇಳಿದ್ದು ಏನನ್ನು ಎಂದೂ ಹೇಳಿದೆ. ಅದನ್ನು ನಿನಗೂ ಹೇಳಿಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಆತ ಈರುಳ್ಳಿ ಮುಗಿದ ಮೇಲೂ ಕಣ್ಣು ಒರೆಸುತ್ತಿದ್ದ. ನಡುನಡುವೆ "ಆಮೇಲೆ?" ಎನ್ನುತ್ತಿದ್ದ. ಆಮೇಲೆ ಎಂದು ಕೇಳುವವರು ಸಿಕ್ಕಿದರೆ ಮುದುಕಿಗೆ ಇನ್ನೇನು ಬೇಕು?

ಮಾರನೇ ದಿನ ಊಟಕ್ಕೆ ಕುಳಿತಾಗ ಕೋಳಿ ಕತ್ತರಿಸುವ ಚಾಕು ಮೇಜಿನ ನಡುವೆ ಇತ್ತು, ಯಾರೂ ಮುಟ್ಟಲಿಲ್ಲ. ನೀನು ನನ್ನ ಮುಖ ನೋಡಿದೆ. ಮೊದಲು ನಿನ್ನ ಮಾವನ ಕೆಲಸವಾಗಿತ್ತು ಅದು, ಆಮೇಲೆ ಅವನದು. ಆತ ಚಾಕುವನ್ನು ಹಿಡಿಯ ಕಡೆಯಿಂದ ನನ್ನತ್ತ ತಿರುಗಿಸಿಟ್ಟ. ಅಷ್ಟೇ. ಇಷ್ಟು ವರ್ಷ ಈ ಮನೆಯಲ್ಲಿ ಕೋಳಿ ಬೇಯಿಸಿದವಳು ಮೊದಲ ಸಲ ಕತ್ತರಿಸಿದೆ. ವಕ್ರವಾಗಿ ಕತ್ತರಿಸಿದೆನೆಂದು ಪಿಟೀಲು ನಕ್ಕಳು. ನಗಲಿ.

ಇನ್ನೊಂದು. ಕೇಕು ಸೀದುಹೋಯಿತು, ಅದಕ್ಕೇ ತರಲಿಲ್ಲ ಎಂದೆನಲ್ಲ. ಸೀದಿರಲಿಲ್ಲ. ಸಿಟ್ಟಿನಲ್ಲಿ ಗೋಡಂಬಿಯನ್ನು ಎರಡರಷ್ಟು ಸುರಿದಿದ್ದೆ. ಈಗ ನಾನೂ ಬೇಕರಿಯಾಕೆಯೂ ದಿನಾ ಅದನ್ನೇ ತಿನ್ನುತ್ತಿದ್ದೇವೆ. ಆಕೆಗೆ ಇದರ ಹಿಂದಿನ ಕಥೆ ಹೇಳಿಲ್ಲ. "ಈ ವರ್ಷ ಕೈ ಬಿಚ್ಚಿ ಹಾಕಿದೀರಿ" ಎಂದಳು.

ಫೆಬ್ರವರಿಯ ದಿನ ಗೊತ್ತು ಮಾಡಿ ತಿಳಿಸು. ನಿನ್ನ ಬ್ಲೌಸಿನ ಅಳತೆ ನನ್ನ ಹತ್ತಿರ ಇದೆ. ಆತನ ಕೋಟಿನ ಅಳತೆ ಕಳಿಸು. ತೋಳು ಉದ್ದ, ಅಂಗಡಿಯಲ್ಲಿ ಕೊಂಡದ್ದು ಆಗುವುದಿಲ್ಲ.

ನಿನ್ನೆ ಬಸ್ಸು ಹತ್ತಿಸಲು ಆತ ಬಂದ. ಬುಟ್ಟಿ ಮೇಲಿಟ್ಟು, ಕಿಟಕಿ ಹಾಕಿ, ಡ್ರೈವರನ ಹತ್ತಿರ ಹೋಗಿ "ನಿಧಾನಕ್ಕೆ ಓಡ್ಸಿ, ಅಮ್ಮ ಇದಾರೆ" ಎಂದು ಹೇಳಿ ಇಳಿದ. ಪಕ್ಕದ ಸೀಟಿನ ಹೆಂಗಸು ಕೇಳಿದಳು, "ಯಾರಮ್ಮಾ ಅವರು?" ಮಗ ಎನ್ನಲು ನಾಲಿಗೆ ಏಳಲಿಲ್ಲ. ಅಳಿಯ ಎಂದರೆ, ಮಗಳು ಎಲ್ಲಿ ಎಂದು ಕೇಳಿಯಾಳು. ಕೊನೆಗೆ, "ನಮ್ಮ ಮನೆಯವರು" ಎಂದೆ. ಆಕೆ ನನ್ನ ಬಿಳಿ ಕೂದಲು ನೋಡಿದಳು, ಆತನ ಕಪ್ಪು ಮೀಸೆ ನೋಡಿದಳು, ಬ್ಯಾಗನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಆ ಕಡೆ ತಿರುಗಿದಳು. ನನಗೆ ಎಂಥ ನಗು ಬಂತೆಂದರೆ, ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆತ ಹೊರಗಿನಿಂದ ಏನೂ ತಿಳಿಯದೆ ತಾನೂ ನಗುತ್ತಿದ್ದ.

ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತಾ ನಿಂತಿದ್ದ. ನಾನೂ ಬೀಸಿದೆ. ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೈ ಬೀಸುತ್ತಲೇ ನನ್ನ ಕಣ್ಣು ಆತನ ಪಕ್ಕದಲ್ಲಿ ಇನ್ನೊಬ್ಬನನ್ನು ಹುಡುಕುತ್ತಿತ್ತು. ಇನ್ನು ಮುಂದೆ ಬಂದಾಗಲೂ ಹುಡುಕುತ್ತದೆ. ನೀನು ಕಂಡರೂ ಕಾಣದವಳಂತೆ ಇರು. ನಿನ್ನ ಕಣ್ಣು ಹುಡುಕುವುದನ್ನು ಕಂಡಾಗ ನಾನೂ ಹಾಗೇ ಇರುತ್ತೇನೆ.

ನಿನ್ನ ಅತ್ತೆ